ವಾಸದ ಮನೆ: ಕೂಟ ಮತ್ತು ಏಕಾಂತ

ಒಂದೇ ಸೂರಿನ ಕೆಳಗೆ ಬಾಳುವವರು ಒಟ್ಟಿಗೆ ಕೂರುವುದಕ್ಕೂ ಬೇಕೆನಿಸಿದಾಗ ಒಬ್ಬರೇ ಇರುವುದಕ್ಕೂ ಅನುವಾಗುವಂತೆ ಜಾಗವನ್ನು ಹವಣಿಸುವುದು ಗೃಹವಿನ್ಯಾಸದ ಬಹು ಹಳೆಯ ಸಮಸ್ಯೆ. ಗೋಡೆ, ಬಾಗಿಲು, ಕಿಟಕಿ, ಮೆಟ್ಟಿಲು, ಅಂಗಳ ಇವನ್ನು ಎಲ್ಲೆಲ್ಲಿ ಇಡುತ್ತೇವೆ ಎಂಬುದರ ಮೇಲೆ ಆ ಸಮಸ್ಯೆ ಬಿಡಿಸಿಕೊಳ್ಳುತ್ತದೆ, ಇಲ್ಲವೇ ಮತ್ತಷ್ಟು ಗೋಜಲಾಗುತ್ತದೆ. ಇಲ್ಲಿ ಕರ್ನಾಟಕದ, ಅದರಲ್ಲೂ ಬೆಂಗಳೂರಿನ ಕುಟುಂಬದ ಮನೆಯನ್ನು ಮುಖ್ಯವಾಗಿ ನೋಡಲಾಗಿದೆ. ಹೊರನಾಡಿನ ವಿಷಯ ಇದಕ್ಕೆ ತಾಗುವಷ್ಟು ಮಾತ್ರ ಬಂದಿದೆ.

ಕನ್ನಡದಲ್ಲಿ ಮನೆಯ ಒಳಭಾಗಗಳಿಗೂ ಮನೆ ಎಂದೇ ಹೆಸರು: ಅಡುಗೆಮನೆ, ದೇವರಮನೆ, ಬಚ್ಚಲುಮನೆ, ನಡುಮನೆ. ಕೆಲಸಕ್ಕೊಂದು ಮನೆ ಇತ್ತು, ಆಳಿಗೊಂದು ಮನೆ ಇರಲಿಲ್ಲ. ‘ನನ್ನ ರೂಮು’ ಎಂಬ ಮಾತು ನಮ್ಮ ಬಾಯಿಗೆ ಬಂದದ್ದು ಇತ್ತೀಚೆಗೆ. ‘ಖಾಸಗಿ’ ಎಂಬುದರ ಮೂಲವೂ ‘ಖಾಸ್’ ಎಂಬ ಅರಬ್ಬಿ ಶಬ್ದ. ಹಾಗೆಂದು ನಮ್ಮವರಿಗೆ ಏಕಾಂತದ ಆಸೆ ಇರಲಿಲ್ಲ ಎಂದು ತೀರ್ಮಾನಿಸುವುದು ದುಡುಕು. ಅದು ಸಿಗುತ್ತಿದ್ದ ಬಗೆ ಬೇರೆ ಇತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞ ಅರ್ವಿನ್ ಆಲ್ಟ್‌ಮನ್ 1975ರಲ್ಲಿ ಈ ವಿಷಯಕ್ಕೆ ಒಂದು ಒಳ್ಳೆಯ ಹಿಡಿ ಒದಗಿಸಿದರು. ಅವರ ಪ್ರಕಾರ ಖಾಸಗಿತನವೆಂದರೆ ಒಂಟಿಯಾಗಿರುವುದಲ್ಲ. ತನ್ನ ಹತ್ತಿರಕ್ಕೆ ಯಾರು, ಯಾವಾಗ, ಎಷ್ಟು ಬರಬೇಕು ಎಂಬುದು ತನ್ನ ಕೈಯಲ್ಲಿರುವುದು. ಬಾಗಿಲು ಮುಚ್ಚಲಾಗದವನಿಗೆ ಎಷ್ಟು ಕಷ್ಟವೋ, ಬಾಗಿಲು ತೆರೆದರೂ ಯಾರೂ ಬಾರದವನಿಗೂ ಅಷ್ಟೇ ಕಷ್ಟ. ಕಾನೂನಿನಲ್ಲಿ ಈ ವಿಷಯ ಇತ್ಯರ್ಥವಾದದ್ದು 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಾಗ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅಲ್ಲಿ ಚರ್ಚೆಯಾದದ್ದು ನಾಗರಿಕ ಮತ್ತು ಸರ್ಕಾರದ ನಡುವಿನ ಗಡಿ. ಅಪ್ಪ ಮತ್ತು ಮಗನ ನಡುವೆ, ಅತ್ತೆ ಮತ್ತು ಸೊಸೆಯ ನಡುವೆ ಗಡಿ ಹಾಕುವ ಕೆಲಸ ಇಂದಿಗೂ ಮೇಸ್ತ್ರಿಯದೇ.

ಜಗಲಿಯಿಂದ ಹಿತ್ತಲಿನವರೆಗೆ

ಹಳೆಯ ಮೈಸೂರು ಸೀಮೆಯ ತೊಟ್ಟಿ ಮನೆಯಲ್ಲಿ ಬೀದಿಗೆ ತಾಗಿದಂತೆ ಜಗಲಿ. ಅಲ್ಲಿ ಗುರುತಿಲ್ಲದ ದಾರಿಹೋಕನೂ ಕೂತು ದಣಿವಾರಿಸಿಕೊಳ್ಳಬಹುದಿತ್ತು. ಹೊಸ್ತಿಲು ದಾಟಿದರೆ ಪಡಸಾಲೆ. ಅದರಾಚೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಮರದ ಕಂಬಗಳ ಕೈಸಾಲೆ. ನಾಲ್ಕೂ ಕಡೆಯ ಮಾಡು ಒಳಕ್ಕೆ ಇಳಿದು ಮಳೆನೀರನ್ನು ತೊಟ್ಟಿಗೆ ಸುರಿಯುತ್ತದೆ. ಇನ್ನೂ ಒಳಗೆ ನಡುಮನೆ, ದೇವರಮನೆ, ಅಡುಗೆಮನೆ. ಕೊನೆಯಲ್ಲಿ ಬಚ್ಚಲು, ಬಾವಿ, ಹಿತ್ತಲು. ಬಂದವನು ಯಾರು ಎಂಬುದು ಅವನು ಎಲ್ಲಿಯವರೆಗೆ ಬರುತ್ತಾನೆ ಎಂಬುದರಿಂದಲೇ ತಿಳಿಯುತ್ತಿತ್ತು. ಲೆಕ್ಕಪತ್ರದವನು ಪಡಸಾಲೆಯವರೆಗೆ, ಬೀಗರು ತೊಟ್ಟಿಯವರೆಗೆ, ತವರಿನಿಂದ ಬಂದ ಅತ್ತಿಗೆ ನೇರ ಅಡುಗೆಮನೆಗೆ. ವಾಸ್ತುಶಿಲ್ಪಿ ಕ್ರಿಸ್ಟಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1977ರ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಪುಸ್ತಕದಲ್ಲಿ ಇದನ್ನು ಆಪ್ತತೆಯ ಇಳಿಜಾರು ಎಂಬರ್ಥದ ಹೆಸರಿನಿಂದ ವಿನ್ಯಾಸಸೂತ್ರವಾಗಿ ಬರೆದಿಟ್ಟರು. ನಮ್ಮ ಬಡಗಿಗಳಿಗೆ ಅದು ಹೆಸರಿಲ್ಲದೆಯೇ ಗೊತ್ತಿತ್ತು.

ನಾಲ್ಕು ಸಾಲೆಗಳ ನಡುವೆ ಅಂಗಳ ಬಿಡುವ ಚತುಶ್ಶಾಲೆಯ ವಿವರ ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲೇ ಇದೆ. ಕೇರಳದ ನಾಲುಕೆಟ್ಟು, ಕರಾವಳಿಯ ಚೌಕಿ ಮನೆ, ನಮ್ಮ ತೊಟ್ಟಿ ಮನೆ ಎಲ್ಲವೂ ಈ ಬಳಗದವು. ಆದರೆ ಕರ್ನಾಟಕದ ಎಲ್ಲ ಮನೆಗಳೂ ಹೀಗಿರಲಿಲ್ಲ. ಬಯಲುಸೀಮೆಯ ಉತ್ತರ ಭಾಗದಲ್ಲಿ ಮಣ್ಣಿನ ಮಾಳಿಗೆಯ ದಪ್ಪ ಗೋಡೆಯ ಮನೆ. ಬಾಗಿಲು ದಾಟುತ್ತಲೇ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅದಕ್ಕೆ ಎದುರಾಗಿ ಎತ್ತರದ ಪಡಸಾಲಿ. ಮಾಳಿಗೆಯಲ್ಲಿ ತೆರೆದ ಬೆಳಕಿಂಡಿಯೇ ಅಲ್ಲಿಯ ತೊಟ್ಟಿ. ಎರಡು ಮೂರು ಅಡಿಯ ಮಟ್ಟ ವ್ಯತ್ಯಾಸವೇ ಗೋಡೆಯ ಕೆಲಸ ಮಾಡುತ್ತಿತ್ತು ಎಂಬುದನ್ನು ಇಂದಿನ ವಿನ್ಯಾಸಕಾರರು ಗಮನಿಸಬೇಕು. ವಿಜಯಪುರ, ಕಲಬುರಗಿ ಕಡೆಯ ದೊಡ್ಡ ಮುಸ್ಲಿಂ ಮನೆಗಳಲ್ಲಿ ಹೊರಗಿನವರಿಗೆ ದಿವಾನಖಾನೆ, ಒಳಗೆ ಜನಾನ. ಕೊಡಗಿನ ಐನ್‌ಮನೆ ಒಂದು ಒಕ್ಕದ, ಅಂದರೆ ಒಂದೇ ಮನೆತನದ, ಎಲ್ಲರಿಗೂ ಸೇರಿದ್ದು. ಅದರ ನಡುವಿನ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಕುಟುಂಬದ ಮುಖ್ಯ ಕಾರ್ಯಗಳು ಇಂದಿಗೂ ನಡೆಯುತ್ತವೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ವರ್ಷಕ್ಕೊಮ್ಮೆ ಕೂಡುವುದಕ್ಕೆಂದೇ ಉಳಿದಿರುವ ಐನ್‌ಮನೆಗಳೂ ಇವೆ. ವಾಸ ತಪ್ಪಿ ಕೂಟ ಮಾತ್ರ ಉಳಿದ ಮನೆ ಅದು.

ಮಲೆನಾಡಿನ ತೊಟ್ಟಿ ಮನೆಯ ಅಂದಾಜು ಬೇಕಿದ್ದರೆ ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ಹೋಗಬಹುದು. ಕರಾವಳಿಯ ಚೌಕಿ ಮನೆಯನ್ನು ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ನೋಡಬಹುದು. ವಿಜಯನಾಥ ಶೆಣೈ ಅವರು ಹಲವು ಕಡೆಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ನಿಲ್ಲಿಸಿದರು. ಹೆಂಚಿನ ಮಾಡೇ ಹಳೆಯ ಮನೆಯ ಗುರುತು ಎಂದು ನಾವು ತಿಳಿದಿರುವುದು ಅರ್ಧ ಸತ್ಯ. ಯಂತ್ರದಲ್ಲಿ ಒತ್ತಿದ ಮಂಗಳೂರು ಹೆಂಚು ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ್ದು.

ಇಂಥ ಮನೆಯಲ್ಲಿ ಏಕಾಂತ ಸಿಗುತ್ತಿದ್ದದ್ದು ಕೋಣೆಯಿಂದಲ್ಲ, ಹೊತ್ತಿನಿಂದ. ಗಂಡಸರು ಹೊಲಕ್ಕೆ ಹೋದ ಮೇಲೆ ನಡುಮನೆ ಹೆಂಗಸರದು. ಇಳಿಹೊತ್ತಿನಲ್ಲಿ ಹಿತ್ತಲ ಬಾಗಿಲ ಹತ್ತಿರ ತಲೆ ಬಾಚಿಕೊಳ್ಳುತ್ತಾ ಆಡುವ ಮಾತು ಜಗಲಿಗೆ ಕೇಳುತ್ತಿರಲಿಲ್ಲ. ರಾತ್ರಿ ಚಾಪೆ ಬಿಡಿಸಿದರೆ ಪಡಸಾಲೆಯೇ ಮಲಗುವ ಜಾಗ, ಬೆಳಗ್ಗೆ ಸುತ್ತಿಟ್ಟರೆ ಮತ್ತೆ ಪಡಸಾಲೆ. ಹೊಸದಾಗಿ ಮದುವೆಯಾದವರಿಗೆ ಒಂದು ಕೋಣೆ, ಬಾಣಂತಿಗೆ ಒಂದು ಕತ್ತಲೆ ಕೋಣೆ. ಬೇರೆಯವರಿಗೆ ಅಟ್ಟ, ತೋಟ, ಬಾವಿಕಟ್ಟೆ.

ಈ ಮನೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ನಿಟ್ಟುಸಿರು ಬಿಡುತ್ತಾರೆ. ಆದರೆ ಜಗಲಿಯಿಂದ ಒಳಕ್ಕೆ ಹೋಗುವ ಆ ಮೆಟ್ಟಿಲುಗಳು ಸಲುಗೆಯ ಮೆಟ್ಟಿಲುಗಳಷ್ಟೇ ಆಗಿರಲಿಲ್ಲ, ಜಾತಿಯ ಮೆಟ್ಟಿಲುಗಳೂ ಆಗಿದ್ದವು. ಜಗಲಿಯೇ ಕೊನೆಯಾದವರು ಇದ್ದರು. ಅಂಗಳವನ್ನೂ ಹತ್ತದವರು ಇದ್ದರು. ಮುಟ್ಟಾದ ಹೆಂಗಸು ಮೂರು ದಿನ ಹೊರಗೆ. ಗಂಡ ತೀರಿಕೊಂಡವಳಿಗೆ ಅಡುಗೆಮನೆಯ ಹಿಂದಿನ ಮೂಲೆ. ಅದನ್ನು ಏಕಾಂತ ಎನ್ನಲಾಗದು, ಏಕೆಂದರೆ ಅದು ಅವಳು ಆರಿಸಿಕೊಂಡದ್ದಲ್ಲ. ಈಗಿನ ಸೊಸೆಗೆ ಸ್ವಂತದ ಕೋಣೆ, ಅದಕ್ಕೆ ಒಳಗಿನ ಚಿಲಕ ಸಿಕ್ಕಿರುವುದನ್ನು ಕೂಡುಕುಟುಂಬ ಒಡೆದ ಕತೆಯೆಂದು ಮಾತ್ರ ಹೇಳುವುದು ನ್ಯಾಯವಲ್ಲ.

ಕಾರಿಡಾರು, ಬಂಗಲೆ, ಬಡಾವಣೆ

ಕೋಣೆಯಿಂದ ಕೋಣೆಗೆ ಹಾದು ಹೋಗುವ ಮನೆ ನಮ್ಮಲ್ಲಷ್ಟೇ ಇದ್ದದ್ದಲ್ಲ. ಇಟಲಿಯ ಹಳೆಯ ಬಂಗಲೆಗಳಲ್ಲೂ ಒಂದು ಕೋಣೆಗೆ ಮೂರು ನಾಲ್ಕು ಬಾಗಿಲು ಇರುತ್ತಿದ್ದವು. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದಲ್ಲಿ ರೋಜರ್ ಪ್ರ್ಯಾಟ್ ಕಟ್ಟಿದ ಕೋಲ್ಸ್‌ಹಿಲ್ ಮನೆಯಲ್ಲಿ ಪ್ರತಿ ಅಂತಸ್ತಿನ ನಡುವೆಯೂ ಉದ್ದಕ್ಕೆ ಕಾರಿಡಾರು ಬಂತು, ಆಳುಗಳಿಗೆ ಹಿಂಬದಿಯ ಮೆಟ್ಟಿಲು ಬಂತು. ಯಜಮಾನನಿಗೆ ಆಳು ಎದುರಾಗಬಾರದು, ಯಾರೂ ಯಾರ ಕೋಣೆಯನ್ನೂ ಹಾಯಬಾರದು. ವಾಸ್ತುಶಿಲ್ಪ ಇತಿಹಾಸಕಾರ ರಾಬಿನ್ ಇವಾನ್ಸ್ 1978ರ ಒಂದು ಪ್ರಬಂಧದಲ್ಲಿ ಈ ಬದಲಾವಣೆಯನ್ನು ಹಿಡಿದು ತೋರಿಸಿದರು: ಕಾರಿಡಾರು ದೂರದ ಕೋಣೆಗಳನ್ನು ಹತ್ತಿರ ತಂದಿತು, ಪಕ್ಕದ ಕೋಣೆಯವರನ್ನು ದೂರ ಮಾಡಿತು.

1809ರಲ್ಲಿ ದಂಡು ಪ್ರದೇಶ ನೆಲೆಯಾದ ಮೇಲೆ ಬೆಂಗಳೂರಿಗೆ ಬಂದ ಬಂಗಲೆ ಹಾದುಹೋಗುವ ಮನೆ, ಕಾರಿಡಾರಿನ ಮನೆ ಈ ಎರಡರ ಬೆರಕೆ. ಸುತ್ತ ವರಾಂಡ, ನಡುವೆ ದೊಡ್ಡ ಹಾಲು, ಎರಡೂ ಬದಿಗೆ ಕೋಣೆ, ಪ್ರತಿ ಕೋಣೆಗೂ ಅಂಟಿದ ಸ್ನಾನದ ಮನೆ. ಆ ಸ್ನಾನದ ಮನೆಗೆ ಹೊರಗಿನಿಂದ ಇನ್ನೊಂದು ಬಾಗಿಲು, ಮಲ ಎತ್ತುವವನು ಬಂದು ಹೋಗಲು. ಇಂದು ಜಾಹೀರಾತಿನಲ್ಲಿ ಹೆಮ್ಮೆಯಿಂದ ಬರೆಯುವ ಅಟ್ಯಾಚ್ಡ್ ಬಾತ್‌ರೂಮಿನ ಪೂರ್ವಜರಲ್ಲಿ ಇದೂ ಒಂದು.

1890ರ ದಶಕದಲ್ಲಿ ಯೋಜನೆಯಾಗಿ 1898ರ ಪ್ಲೇಗಿನ ನಂತರ ತುಂಬಿಕೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮಧ್ಯಮವರ್ಗದ ಮನೆ ಹೊಸ ರೂಪ ಪಡೆಯಿತು. ಪೇಟೆಯ ಮನೆಯ ಹಾಗೆ ಬೀದಿಗೆ ಅಂಟದೆ ಕಾಂಪೌಂಡಿನ ನಡುವೆ ನಿಂತ ಮನೆ. ಜಗಲಿ ವರಾಂಡವಾಯಿತು, ತೊಟ್ಟಿಗೆ ಮುಚ್ಚಿಗೆ ಬಂದು ಹಾಲ್ ಆಯಿತು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದು ನಿವೇಶನ ಹಂಚಿದ ಹಾಗೆಲ್ಲ ಅಳತೆ ಗಟ್ಟಿಯಾಯಿತು: 20×30, 30×40, 40×60, 50×80. ಇವುಗಳಲ್ಲಿ 30×40 ಬೆಂಗಳೂರಿಗರ ನಾಲಿಗೆಯ ಮೇಲೆ ‘ಥರ್ಟಿ ಫಾರ್ಟಿ’ಯಾಗಿ ಕೂತಿತು. ಆಧುನಿಕ ಕನ್ನಡ ಕುಟುಂಬದ ಕೂಡುವಿಕೆ, ಮುನಿಸು, ಮೌನ ಬಹುಪಾಲು ಈ 1200 ಚದರಡಿಯ ಮೇಲೆ ನಡೆದಿವೆ.

ಥರ್ಟಿ ಫಾರ್ಟಿಯ ಲೆಕ್ಕ

ಗಾರೆಯವರ ಭಾಷೆಯಲ್ಲಿ ನೂರು ಚದರಡಿಗೆ ಒಂದು ಚದರ. ನಿವೇಶನ ಹನ್ನೆರಡು ಚದರ. ಪಕ್ಕಗಳಲ್ಲಿ ಮೂರು ಮೂರು ಅಡಿ, ಹಿಂದೆ ಮುಂದೆ ಒಂದಿಷ್ಟು ಬಿಟ್ಟರೆ ಕಟ್ಟಡಕ್ಕೆ ಸಿಗುವುದು ಸುಮಾರು ಎಂಟು ಚದರ. ಕಾರಿಗೆ 9 ಅಡಿಗೆ 16 ಅಡಿ ಎಂದರೆ ಹತ್ತಿರ ಹತ್ತಿರ ಒಂದೂವರೆ ಚದರ ಹೋಯಿತು. ಮೆಟ್ಟಿಲಿಗೆ ಮುಕ್ಕಾಲು ಚದರ. ಗೋಡೆಗಳೇ ಹತ್ತರಲ್ಲೊಂದು ಪಾಲು ನುಂಗುತ್ತವೆ. ಉಳಿದದ್ದರಲ್ಲಿ ಹಾಲ್, ಅಡುಗೆಮನೆ, ದೇವರಮನೆ, ಹಿರಿಯರಿಗೊಂದು ಕೋಣೆ. ಮಿಕ್ಕವರು ಮಹಡಿಗೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರು, ಅಂದರೆ ಸುಮಾರು ನೂರೆರಡು ಚದರಡಿ ಇರಲಿ ಎನ್ನುತ್ತದೆ. ಎರಡು ಕೋಣೆಯಿದ್ದರೆ ಎರಡನೆಯದು 7.5ಕ್ಕೆ ಇಳಿಯಬಹುದು. ಹತ್ತಡಿಗೆ ಹತ್ತಡಿಯ ಕೋಣೆಯಲ್ಲಿ ಮಂಚ, ಬೀರು, ಮೇಜು ಇಟ್ಟರೆ ಇನ್ನೊಬ್ಬರು ಬಂದು ಕೂರಲು ಮಂಚವೇ ಗತಿ.

ಇಷ್ಟು ಬಿಗಿಯಾದ ಜಾಗದಲ್ಲಿ ಮೊದಲು ಸಾಯುವುದು ನಡುವಣ ಜಾಗಗಳು. ಜಗಲಿಗೆ, ಕೈಸಾಲೆಗೆ ಚದರ ಖರ್ಚು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಉಳಿಯುವುದು ಎರಡೇ: ಎಲ್ಲರಿಗೂ ತೆರೆದ ಹಾಲ್, ಒಬ್ಬರಿಗೆ ಮುಚ್ಚಿದ ಬೆಡ್‌ರೂಮು. ಇಂದಿನ ಮನೆಯ ಬಹುತೇಕ ಕಿರಿಕಿರಿಗೆ ಮೂಲ ಇದೇ. ಹಾಲ್‌ನಲ್ಲಿ ಕೂತರೆ ಪೂರ್ತಿ ಎಲ್ಲರ ಜೊತೆ, ಎದ್ದು ಹೋದರೆ ಪೂರ್ತಿ ಒಂಟಿ. ಪಡಸಾಲೆಯ ಕಂಬಕ್ಕೆ ಒರಗಿ ಮಾತು ಕೇಳುತ್ತಲೂ ಕೇಳದಂತೆಯೂ ಪುಸ್ತಕ ಓದುತ್ತಿದ್ದ ಹುಡುಗನಿಗೆ ಈಗ ಜಾಗವಿಲ್ಲ. ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ, ಮನೆಯವರು ‘ಹುಡುಗ ಯಾರ ಜೊತೆಗೂ ಬೆರೆಯುವುದಿಲ್ಲ’ ಎನ್ನುತ್ತಾರೆ.

ಅನುಭವಿ ವಿನ್ಯಾಸಕಾರರು ನಡುವಣ ಜಾಗವನ್ನು ಬೇರೆ ಕೆಲಸಗಳ ಒಳಗೆ ಅಡಗಿಸಿಡುತ್ತಾರೆ. ಮೆಟ್ಟಿಲ ತಿರುವನ್ನು ಎರಡಡಿ ಅಗಲಿಸಿದರೆ ಅಲ್ಲೊಬ್ಬರು ಕೂರಬಹುದು. ಕಿಟಕಿಯನ್ನು ಒಂದೂವರೆ ಅಡಿ ಹೊರಚಾಚಿ ಕಟ್ಟೆ ಮಾಡಿದರೆ ಹಾಲ್‌ಗೆ ಒಂದು ಕಿವಿ ಮೂಡುತ್ತದೆ. ಮಹಡಿಯ ಕೋಣೆಗಳ ಮುಂದೆ ಆರಡಿ ಅಗಲದ ಜಾಗ ಬಿಟ್ಟರೆ ಅದು ಮಕ್ಕಳ ಓದು, ಇಸ್ತ್ರಿ, ರಾತ್ರಿಯ ಹರಟೆಗಳ ಪಡಸಾಲೆಯಾಗುತ್ತದೆ. ಮನೆ ಕಟ್ಟಿಸುವವರು ಇದನ್ನು ‘ವೇಸ್ಟ್ ಜಾಗ’ ಎಂದು ಮೊದಲು ಹೊಡೆದು ಹಾಕುವುದು, ಆಮೇಲೆ ಅಲ್ಲೇ ಎಲ್ಲರೂ ಕೂರುವುದು ಎರಡೂ ಮಾಮೂಲು.

ಹಾಲ್‌ನ ವಿಷಯದಲ್ಲಿ ಅಳತೆಗಿಂತ ಬಾಗಿಲುಗಳ ಎಣಿಕೆ ಮುಖ್ಯ. ಬೀದಿ ಬಾಗಿಲು, ಎರಡು ಕೋಣೆ, ಅಡುಗೆಮನೆ, ದೇವರಮನೆ, ಬಚ್ಚಲು, ಮೆಟ್ಟಿಲು ಎಲ್ಲವೂ ಹಾಲ್‌ಗೇ ತೆರೆದರೆ ಅದು ಕೂರುವ ಜಾಗವಲ್ಲ, ಬಸ್ ನಿಲ್ದಾಣ. ನಡೆದಾಡುವ ದಾರಿ ಒಂದು ಅಂಚಿನಲ್ಲಿ ಹೋಗಿ, ಇನ್ನೊಂದು ಮೂಲೆ ಯಾರೂ ಹಾಯದಂತೆ ಉಳಿದರೆ ಸಣ್ಣ ಹಾಲ್ ಕೂಡ ಸಾಕು. ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞ 1966ರಲ್ಲಿ ಜನ ಪರಸ್ಪರ ಇಟ್ಟುಕೊಳ್ಳುವ ದೂರಗಳನ್ನು ವಿಂಗಡಿಸಿದರು: ಒಂದೂವರೆ ಅಡಿಯೊಳಗೆ ಆಪ್ತರು, ನಾಲ್ಕು ಅಡಿಯವರೆಗೆ ಗೆಳೆಯರು, ಹನ್ನೆರಡು ಅಡಿಯವರೆಗೆ ಪರಿಚಿತರು, ಅದರಾಚೆ ಸಭೆ. ಅಮೆರಿಕದವರನ್ನು ನೋಡಿ ಬರೆದ ಅಳತೆ ಅದು. ಮದುವೆ ಮನೆಯ ಚಾಪೆಯ ಮೇಲಿನ ನಮ್ಮವರು ಅದಕ್ಕಿಂತ ಒತ್ತಾಗಿಯೇ ಕೂರುತ್ತಾರೆ. ಆದರೂ ವಿಲ್ಲಾಗಳ ಇಪ್ಪತ್ತು ಅಡಿ ಹಾಲ್‌ನ ಎರಡು ಗೋಡೆಗೆ ಎರಡು ಸೋಫಾ ಒತ್ತಿಟ್ಟವರ ಮನೆಯಲ್ಲಿ ಅತಿಥಿಗಳು ಯಾಕೆ ಕೂಗಿ ಮಾತಾಡುತ್ತಾರೆ ಎಂಬುದಕ್ಕೆ ಅದು ಉತ್ತರ.

ಬೀದಿ ಬಾಗಿಲಿಗೆ ನೇರವಾಗಿ ಬೆಡ್‌ರೂಮಿನ ಬಾಗಿಲು ಬಂದರೆ ಕೊರಿಯರ್ ಕೊಡಲು ಬಂದವನಿಗೂ ಮಂಚ ಕಾಣುತ್ತದೆ. ಮುಂಬಾಗಿಲ ಒಳಗೆ ಒಂದು ತಿರುವು, ಒಂದು ಅಡ್ಡಗೋಡೆ, ಕಡೇಪಕ್ಷ ಒಂದು ಮರದ ಜಾಲಿ ಇದಕ್ಕೆ ಮದ್ದು. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೂ ಸಣ್ಣ ವಿಷಯವಲ್ಲ. ಕೋಣೆಯ ಬಾಗಿಲನ್ನು ಅರ್ಧ ತೆಗೆದಾಗ ಗೋಡೆ ಕಾಣಬೇಕು, ಹಾಸಿಗೆ ಕಾಣಬಾರದು. ಕೀಲು ಯಾವ ಬದಿಗೆ ಎಂದು ಮೊದಲೇ ಹೇಳಿದರೆ ಸಾಕು, ಖರ್ಚಿಲ್ಲ.

ನೆರೆಮನೆಯ ಕಿಟಕಿ ಬೇರೆಯೇ ತಲೆನೋವು. ಇಬ್ಬರೂ ಮೂರು ಮೂರು ಅಡಿ ಬಿಟ್ಟರೆ ಕಿಟಕಿಗೆ ಕಿಟಕಿ ಆರು ಅಡಿ ದೂರ. ಊರಿನ ರೂಢಿಯ ಪ್ರಕಾರ ನೆರೆಯವರ ಖಾಸಗಿತನ ಕೆಡಿಸುವಂಥ ಹೊಸ ಕಿಟಕಿ ತೆರೆಯಬಾರದು ಎಂಬಂಥ ಹಕ್ಕು ಇರಬಲ್ಲದೆಂದು 1882ರ ಸರಾಗತೆ (ಈಸ್‌ಮೆಂಟ್ಸ್) ಕಾಯ್ದೆ ತನ್ನ 18ನೆಯ ಕಲಮಿನಲ್ಲಿ ಉದಾಹರಣೆ ಕೊಟ್ಟು ಹೇಳುತ್ತದೆ. ಅಂಥ ರೂಢಿಯನ್ನು ಸಾಬೀತು ಮಾಡಲು ಹೊರಡುವುದಕ್ಕಿಂತ ಕಿಟಕಿಯ ಕೆಳಮಟ್ಟವನ್ನು ಐದು ಅಡಿಗೆ ಏರಿಸುವುದು ಸುಲಭ. ಬೆಳಕು ಬರುತ್ತದೆ, ಕಣ್ಣು ಬರುವುದಿಲ್ಲ. ಅದೂ ಬೇಡವೆಂದರೆ ಎರಡೂ ಕಿಟಕಿ ಎದುರುಬದುರಾಗದಂತೆ ಒಂದೆರಡು ಅಡಿ ಸರಿಸಬಹುದು. ಪಕ್ಕದವರು ಮೊದಲೇ ಕಟ್ಟಿದ್ದರೆ ಟೇಪು ಹಿಡಿದು ಅಳೆಯುವುದಷ್ಟೇ ಕೆಲಸ.

ಸದ್ದು

ಮನೆಯ ನಕ್ಷೆ ಬರೆಯುವಾಗ ಕಣ್ಣಿಗೆ ಮರೆ ಮಾಡುವ ಬಗ್ಗೆ ಯೋಚಿಸುವವರು ಕಿವಿಯನ್ನು ಮರೆಯುತ್ತಾರೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಎರಡೂ ಕಡೆ ಗಾರೆ ಮಾಡಿದ್ದು, ಸುಮಾರು 50 ಡೆಸಿಬಲ್ ಸದ್ದನ್ನು ತಡೆಯುತ್ತದೆ. ಆಚೆಯ ಮಾತು ಬಹುಮಟ್ಟಿಗೆ ಕೇಳಿಸುವುದಿಲ್ಲ. ನಾಲ್ಕೂವರೆ ಇಂಚಿನ ಗೋಡೆ ಅದಕ್ಕಿಂತ ಐದಾರು ಡೆಸಿಬಲ್ ಕಡಿಮೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಆ ಗೋಡೆಯಲ್ಲಿ ಕೂರಿಸುವ ಹಗುರ ಫ್ಲಶ್ ಬಾಗಿಲು ತಡೆಯುವುದು 20ರ ಆಸುಪಾಸು, ಅದರ ಕೆಳಗಿನ ಅರ್ಧ ಇಂಚಿನ ಸಂದಿ ಏನನ್ನೂ ತಡೆಯುವುದಿಲ್ಲ. ಸದ್ದು ನೀರಿನ ಹಾಗೆ, ದುರ್ಬಲವಾದ ಕಡೆಯಿಂದಲೇ ಬರುತ್ತದೆ. ಗೋಡೆ ದಪ್ಪ ಮಾಡಿಸುವ ಹಣದಲ್ಲಿ ಗಟ್ಟಿ ಬಾಗಿಲು ಹಾಕಿಸಿ, ಕೆಳಗೆ ರಬ್ಬರ್ ಪಟ್ಟಿ ಬಡಿಸಿ, ಎರಡು ಕೋಣೆಗಳ ಬಾಗಿಲು ಎದುರುಬದುರಾಗದಂತೆ ನೋಡಿಕೊಂಡರೆ ಫಲ ಹೆಚ್ಚು.

ಎರಡು ಮಲಗುವ ಕೋಣೆಗಳ ನಡುವೆ ಬೀರುಗಳ ಸಾಲು ಇಡುವುದು ಹಳೆಯ ಉಪಾಯ. ಬಟ್ಟೆ ತುಂಬಿದ ಬೀರು ಒಳ್ಳೆಯ ತಡೆ. ಬಚ್ಚಲನ್ನು ನಡುವೆ ಇಡುವುದೂ ಆಗುತ್ತದೆ, ಆದರೆ ಕೊಳಾಯಿಯನ್ನು ಹಾಸಿಗೆಯ ತಲೆದಿಂಬಿನ ಗೋಡೆಯೊಳಗೆ ಹೂತರೆ ನಡುರಾತ್ರಿ ಫ್ಲಶ್ ಮಾಡಿದವರು ಯಾರೆಂದು ಮನೆಗೆಲ್ಲ ಗೊತ್ತಾಗುತ್ತದೆ. ಎರಡು ಅಂತಸ್ತಿನ ಎತ್ತರದ ಹಾಲ್ ಇತ್ತೀಚಿನ ಮೋಜು. ಕೆಳಗಿನ ಟಿವಿ ಮೇಲಿನ ಎಲ್ಲ ಬಾಗಿಲಿಗೂ ಕೇಳುತ್ತದೆ, ಒಗ್ಗರಣೆಯ ಘಾಟು ಮೇಲಿನ ಕೋಣೆಗಳಿಗೆ ಮೊದಲು ತಲುಪುತ್ತದೆ. ಫೋಟೋದಲ್ಲಿ ಮಾತ್ರ ಚೆನ್ನ. 2020ರ ಲಾಕ್‌ಡೌನಿನಲ್ಲಿ ಒಂದೇ ಮನೆಯಲ್ಲಿ ಇಬ್ಬರ ಆಫೀಸು, ಮಕ್ಕಳ ಆನ್‌ಲೈನ್ ತರಗತಿ, ಅಜ್ಜಿಯ ಧಾರಾವಾಹಿ ಒಟ್ಟಿಗೆ ನಡೆದಾಗ ಈ ಪಾಠ ಬಹಳ ಜನಕ್ಕೆ ಹೊಸದಾಗಿ ಆಯಿತು. ಆಗ ಎಷ್ಟೋ ಮನೆಗಳಲ್ಲಿ ಮೀಟಿಂಗು ನಡೆದದ್ದು ಟೆರೇಸಿನ ನೀರಿನ ಟ್ಯಾಂಕಿನ ನೆರಳಿನಲ್ಲಿ.

ಅಡುಗೆಮನೆ ತೆರೆದಿರಬೇಕೆ?

ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೇಟ್ ಶ್ಯೂಟೆ-ಲಿಹೋಟ್ಸ್ಕಿ 1926ರಲ್ಲಿ ಫ್ರಾಂಕ್‌ಫರ್ಟಿನ ವಸತಿಗಳಿಗಾಗಿ ಸುಮಾರು 1.9 ಮೀಟರಿಗೆ 3.4 ಮೀಟರಿನ ಅಡುಗೆಮನೆ ರೂಪಿಸಿದರು. ಹೆಜ್ಜೆಗಳನ್ನು ಎಣಿಸಿ, ಎಲ್ಲವೂ ಕೈಗೆಟಕುವಂತೆ ಮಾಡಿದ ಆ ಕಿರಿದಾದ ಕೋಣೆ ಜಗತ್ತಿನ ಫ್ಲಾಟುಗಳಿಗೆಲ್ಲ ಮಾದರಿಯಾಯಿತು. ಅದರಲ್ಲಿ ಒಬ್ಬಳೇ ಕೆಲಸ ಮಾಡಬಹುದು ಎಂಬುದೇ ಅದರ ಜಾಣ್ಮೆ, ಅದೇ ಅದರ ಕೊರತೆ. ನಮ್ಮ ಅಡುಗೆಮನೆಯಲ್ಲಿ ಒಬ್ಬರು ಹಚ್ಚುತ್ತಾರೆ, ಒಬ್ಬರು ಕಾಯಿ ತುರಿಯುತ್ತಾರೆ, ಒಬ್ಬರು ಸುಮ್ಮನೆ ನಿಂತು ಮಾತಾಡುತ್ತಾರೆ. ಆ ಮೂರನೆಯವರಿಗೆ ಜಾಗ ಬೇಡವೆ?

ಈಗ ತೆರೆದ ಅಡುಗೆಮನೆಯ ಕಾಲ. ತೆರೆದ ವಿನ್ಯಾಸದ ಹೆಸರಾಂತ ಮಾದರಿ ಫ್ರ್ಯಾಂಕ್ ಲಾಯ್ಡ್ ರೈಟ್ ಶಿಕಾಗೋದಲ್ಲಿ 1910ರಲ್ಲಿ ಮುಗಿಸಿದ ರೋಬಿ ಮನೆ. ಕೂರುವ ಜಾಗಕ್ಕೂ ಊಟದ ಜಾಗಕ್ಕೂ ನಡುವೆ ಗೋಡೆಯಿಲ್ಲ, ಅಗ್ಗಿಷ್ಟಿಕೆಯೊಂದೇ ಅಡ್ಡ. ಅಲ್ಲಿ ಕೂಡ ಅಡುಗೆಮನೆ ಬೇರೆಯೇ ಇತ್ತು ಎಂಬುದನ್ನು ನಮ್ಮ ಇಂಟೀರಿಯರ್ ಡಿಸೈನರುಗಳು ನೆನಪಿಸಿಕೊಳ್ಳುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಮನೆಯಲ್ಲಿ ಚಿಮಣಿಯೊಂದನ್ನೇ ನಂಬಿ ಗೋಡೆ ತೆಗೆಯುವುದು ಧೈರ್ಯದ ಕೆಲಸ. ಘಾಟಿಗಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಹಳೆಯ ಅಡುಗೆಮನೆ ಹೆಂಗಸರಿಗೆ ಸೆರೆಯೂ ಆಗಿತ್ತು, ಆಸರೆಯೂ ಆಗಿತ್ತು. ಗಂಡಸರ ಕಿವಿಗೆ ಬೀಳಬಾರದ ಮಾತೆಲ್ಲ ಅಲ್ಲೇ ನಡೆಯುತ್ತಿತ್ತು. ಗೋಡೆ ತೆಗೆದಾಗ ಸೆರೆ ಹೋಯಿತು, ಆಸರೆಯೂ ಹೋಯಿತು. ಬೆಂಗಳೂರಿನ ಮನೆಗಳಲ್ಲಿ ಬಳಕೆಗೆ ಬಂದ ಒಪ್ಪಂದವೆಂದರೆ ಊಟದ ಮೇಜಿನ ಕಡೆಗೆ ಸರಿಸುವ ಗಾಜಿನ ಬಾಗಿಲು, ಹಿಂದೆ ಯುಟಿಲಿಟಿ. ಪಾತ್ರೆ, ಬಟ್ಟೆ, ಮಿಕ್ಸಿ, ಗ್ರೈಂಡರುಗಳ ಗಲಾಟೆಯೆಲ್ಲ ಆ ನಾಲ್ಕಡಿ ಜಾಗಕ್ಕೆ. ಹಿತ್ತಲಿನ ಕೊನೆಯ ತುಣುಕು ಅದು, ಹೆಸರು ಮಾತ್ರ ಇಂಗ್ಲಿಷು.

ಊಟದ ಮೇಜೇ ಇಂದಿನ ನಡುಮನೆ. ಆದರೆ ಆರು ಕುರ್ಚಿಯ ಮೇಜಿನ ಸುತ್ತ ಗೌರಿ ಹಬ್ಬ ಮುಗಿಯುವುದಿಲ್ಲ. ಪಂಕ್ತಿಯಲ್ಲಿ ಎಲೆಗೆ ಎರಡು ಅಡಿ ಹಿಡಿದರೆ ಹನ್ನೆರಡು ಜನಕ್ಕೆ ಹನ್ನೆರಡು ಅಡಿಯ ಎರಡು ಸಾಲು, ನಡುವೆ ಬಡಿಸಲು ಮೂರು ಅಡಿ. ಹಾಲ್ ಮತ್ತು ಊಟದ ಜಾಗ ಒಂದೇ ನೇರಕ್ಕೆ ಇದ್ದು, ಮೇಜನ್ನು ಬದಿಗೆ ಸರಿಸಲು ಬರುವಂತಿದ್ದರೆ ಇದು ಸಾಧ್ಯ. ವರ್ಷದ ಹತ್ತು ದಿನಕ್ಕಾಗಿ ದೊಡ್ಡ ಹಾಲ್ ಕಟ್ಟುವುದಕ್ಕಿಂತ ಇದು ಮೇಲು.

ತೊಟ್ಟಿ ಮರಳಿ ಬಂದ ಬಗೆ

ಬಾಗಿಲಿಲ್ಲದೆಯೂ ಮರೆ ಸಾಧ್ಯ ಎಂಬುದನ್ನು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅಹಮದಾಬಾದಿನ ಟ್ಯೂಬ್ ಹೌಸಿನಲ್ಲಿ ತೋರಿಸಿದರು. 1960ರ ದಶಕದ ಆರಂಭದ ಆ ಮನೆಯ ಅಗಲ ಕೇವಲ 3.6 ಮೀಟರು, ಉದ್ದ ಸುಮಾರು 18 ಮೀಟರು. ಒಳಗೆ ಬಾಗಿಲುಗಳು ಇಲ್ಲವೆನ್ನುವಷ್ಟು ಕಡಿಮೆ; ನೆಲದ ಮಟ್ಟಗಳನ್ನು ಏರಿಳಿಸಿ ಮಲಗುವ ಜಾಗವನ್ನು ಬೇರೆ ಮಾಡಿದ್ದರು, ಇಳಿಜಾರು ಮಾಡಿನ ಕೆಳಗಿಂದ ಬಿಸಿಗಾಳಿ ಮೇಲೇರಿ ಹೊರಹೋಗುತ್ತಿತ್ತು. ಆ ಮನೆ ಈಗಿಲ್ಲ. ಅವರೇ 1980ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯಲ್ಲಿ ವಾಸವೂ ಕೆಲಸದ ಸ್ಟುಡಿಯೋವೂ ಒಂದು ನಡು ಅಂಗಳದ ಸುತ್ತ ಸೇರಿಕೊಂಡವು.

ಥರ್ಟಿ ಫಾರ್ಟಿಯಲ್ಲಿ ಆರಡಿಗೆ ಎಂಟಡಿಯ ತೊಟ್ಟಿಗೆ ಅರ್ಧ ಚದರ ಸಾಕು. ಪಕ್ಕದ ಮನೆಯ ಕಡೆಗೆ ಕಿಟಕಿ ತೆರೆಯದೆಯೇ ನಾಲ್ಕು ಕೋಣೆಗೆ ಬೆಳಕು, ಗಾಳಿ ಸಿಗುತ್ತದೆ. ಯಾರು ಮನೆಯಲ್ಲಿದ್ದಾರೆ ಎಂಬುದು ಅಡ್ಡಲಾಗಿ ಕಾಣುತ್ತದೆ, ಆದರೆ ಮಾತು ಆಡಬೇಕಾದರೆ ಸುತ್ತಿ ಬರಬೇಕು. ಆ ಸುತ್ತುವಿಕೆಯಲ್ಲೇ ಒಂದು ಮರ್ಯಾದೆ ಇದೆ. ಈಗ ಮಳೆ, ಕಳ್ಳರು, ಕೋತಿಗಳ ಭಯಕ್ಕೆ ತೊಟ್ಟಿಯ ಮೇಲೆ ಕಬ್ಬಿಣದ ಸರಳು, ಅದರ ಮೇಲೆ ಗಾಜು ಬಂದಿದೆ. ಗಾಜಿನ ಅಂಚಿನಲ್ಲಿ ಬಿಸಿಗಾಳಿ ಹೋಗಲು ಸಂದಿ ಬಿಡದಿದ್ದರೆ ಏಪ್ರಿಲಿನಲ್ಲಿ ಅದು ಹಪ್ಪಳ ಒಣಗಿಸುವ ಜಾಗವಾಗುತ್ತದೆ. ವಾಸ್ತು ನೋಡಿಸುವವರು ನಡುವಿನ ಬ್ರಹ್ಮಸ್ಥಾನ ಖಾಲಿ ಇರಲಿ ಎನ್ನುತ್ತಾರೆ. ಅಪರೂಪಕ್ಕೆ ಜ್ಯೋತಿಷಿ ಮತ್ತು ವಾಸ್ತುಶಿಲ್ಪಿ ಒಪ್ಪುವ ಜಾಗ ಇದು. ನೈರುತ್ಯದಲ್ಲಿ ಯಜಮಾನನ ಕೋಣೆ, ಆಗ್ನೇಯದಲ್ಲಿ ಒಲೆ, ಈಶಾನ್ಯದಲ್ಲಿ ದೇವರು ಎಂದು ಮೂಲೆಗಳು ಮೊದಲೇ ಹಂಚಿಹೋದ ಮೇಲೆ ಮಕ್ಕಳ ಪಾಲಿಗೆ ವಾಯವ್ಯವೇ ಉಳಿಯುವುದು.

ಯಾರಿಗೆ ಯಾವ ಕೋಣೆ

ಹಿರಿಯರ ಕೋಣೆ ನೆಲದಂತಸ್ತಿನಲ್ಲಿರಬೇಕು ಎಂಬುದಕ್ಕೆ ಮೊಣಕಾಲು ನೋವು ಒಂದೇ ಕಾರಣವಲ್ಲ. ಬಂದವರು ಹೋದವರು ಅವರಿಗೆ ಕಾಣಬೇಕು. ಮೂಲೆಯ ಶಾಂತ ಕೋಣೆ ಕೊಟ್ಟೆವು ಎಂದು ಮಕ್ಕಳು ಬೀಗುತ್ತಾರೆ. ಗೇಟಿನ ಸದ್ದು ಕೇಳದ ಕೋಣೆಯಲ್ಲಿ ಮುದುಕರಿಗೆ ಹೊತ್ತು ಹೋಗುವುದಿಲ್ಲ. ಅವರ ಕಿಟಕಿ ಬೀದಿಗೆ ಇರಲಿ, ಬಚ್ಚಲು ನಾಲ್ಕು ಹೆಜ್ಜೆಯೊಳಗೆ ಇರಲಿ, ಅದರ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು.

ಮದುವೆಯಾದ ಮಗನಿಗೆ ಮೇಲಿನ ಅಂತಸ್ತು ಕೊಡುವ ಮನೆಗಳಲ್ಲಿ ಮೆಟ್ಟಿಲು ಒಳಗೋ ಹೊರಗೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಳಗಿದ್ದರೆ ಸೊಸೆ ರಾತ್ರಿ ಎಷ್ಟು ಹೊತ್ತಿಗೆ ಬಂದಳೆಂದು ಅತ್ತೆಗೆ ಗೊತ್ತಾಗುತ್ತದೆ. ಹೊರಗಿದ್ದರೆ ಮುಂದೊಂದು ದಿನ ಬಾಡಿಗೆಗೆ ಕೊಡಬಹುದು, ಆದರೆ ಮೊಮ್ಮಗು ತಾನಾಗಿ ಇಳಿದು ಬರುವುದಿಲ್ಲ. ಮೆಟ್ಟಿಲನ್ನು ಮುಂಬಾಗಿಲ ಪಕ್ಕದ ಸಣ್ಣ ನಡವೆಯಲ್ಲಿಟ್ಟು, ಅಲ್ಲಿಂದ ಕೆಳಮನೆಗೂ ಮೇಲ್ಮನೆಗೂ ಒಂದೊಂದು ಬಾಗಿಲು ಇಡುವುದು ಎರಡಕ್ಕೂ ಒಗ್ಗುತ್ತದೆ. ಎರಡು ಬಾಗಿಲೂ ಹಗಲೆಲ್ಲ ತೆರೆದಿರುವುದೇ ಹೆಚ್ಚು. ಎರಡನೆಯ ಅಡುಗೆಮನೆಗೆ ಕೊಳಾಯಿ ಎಳೆದು ಗೋಡೆಯೊಳಗೆ ಮುಚ್ಚಿಡುವ ತಂದೆಯರೂ ಇದ್ದಾರೆ, ಬಾಯಿಬಿಟ್ಟು ಹೇಳುವುದಿಲ್ಲ.

ಒಬ್ಬರೇ ಕೂತು ಮಾಡುವ ಕೆಲಸಕ್ಕೆ ಕೋಣೆ ಬೇಕೆಂಬುದು ನಮ್ಮಲ್ಲಿ ಇನ್ನೂ ಐಷಾರಾಮವೆನಿಸುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಕಟ್ಟಿಸಿದ ಮನೆಯ ಮಹಡಿಯಲ್ಲಿ ಎಂಟು ಕಿಟಕಿಗಳ ಒಂದು ಬರೆಯುವ ಜಾಗವಿದೆ; ಈಗ ಅದು ಮ್ಯೂಸಿಯಂ, ಯಾರು ಬೇಕಾದರೂ ಹತ್ತಿ ನೋಡಬಹುದು. ಅಷ್ಟು ಕಿಟಕಿಯಿದ್ದೂ ಅದು ಏಕಾಂತದ ಜಾಗ. ಎಲ್ಲವೂ ಕಾಣುತ್ತದೆ, ಯಾರೂ ಹಾದುಹೋಗುವುದಿಲ್ಲ.

ಫ್ಲಾಟುಗಳಲ್ಲಿ ಈ ಆಯ್ಕೆಗಳು ಬಹುಪಾಲು ಬಿಲ್ಡರಿನ ಕೈಯಲ್ಲೇ ಮುಗಿದಿರುತ್ತವೆ. ಎರಡು ಬಿಎಚ್‌ಕೆ, ಮೂರು ಬಿಎಚ್‌ಕೆ ಎಂದು ಎಣಿಸುವುದು ಬೆಡ್‌ರೂಮುಗಳನ್ನು. ಕೂರುವ ಜಾಗವನ್ನು ಯಾರೂ ಎಣಿಸುವುದಿಲ್ಲ. ಕೊಳ್ಳುವವರು ನಕ್ಷೆಯಲ್ಲಿ ನೋಡಬೇಕಾದ್ದು ಬೆಡ್‌ರೂಮಿನ ಬಾಗಿಲುಗಳು ಹಾಲ್‌ಗೆ ನೇರ ತೆರೆಯುತ್ತವೆಯೋ, ನಡುವೆ ಮೂರಡಿಯ ತಿರುವಾದರೂ ಇದೆಯೋ ಎಂಬುದನ್ನು. ಬಾಲ್ಕನಿ ಆರು ಅಡಿಗಿಂತ ಕಡಿಮೆ ಆಳವಿದ್ದರೆ ಅಲ್ಲಿ ಬಟ್ಟೆ ಒಣಗುತ್ತದೆ, ಮನುಷ್ಯರು ಕೂರುವುದಿಲ್ಲ. ಜಗಲಿಯ ಪಾಲಿಗೆ ಉಳಿದಿರುವುದು ಲಿಫ್ಟಿನಿಂದ ಬಾಗಿಲವರೆಗಿನ ಸಾಮೂಹಿಕ ನಡವೆ. ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡಬಾರದೆಂದು ಅಸೋಸಿಯೇಷನ್ ನೋಟಿಸು ಹಚ್ಚುತ್ತದೆ. ಬೆಳಗ್ಗೆ ಬಾಗಿಲ ಮುಂದಿನ ಎರಡಡಿ ಟೈಲ್ಸಿನ ಮೇಲೆ ರಂಗೋಲಿ ಬೀಳುತ್ತದೆ. ಎದುರು ಮನೆಯಾಕೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಂದವರು ಅಲ್ಲೇ ಹತ್ತು ನಿಮಿಷ ನಿಲ್ಲುತ್ತಾರೆ.